ನೆಗಡಿ ಬರುತ್ತಿದ್ದ ದಾರಿಯ ಕುರಿತು

ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ರಜೆ ವಿಭಾಗದ ಗುಮಾಸ್ತನಾಗಿದ್ದ ಕಾಲದಲ್ಲಿ, ಪ್ರತಿ ಚಳಿಗಾಲದಲ್ಲೂ ನನಗೆ ನೆಗಡಿ ಯಾವ ಮಾರ್ಗವಾಗಿ ಬರುತ್ತಿತ್ತು ಎಂಬುದನ್ನು ನಾನು ಪತ್ತೆ ಹಚ್ಚಿದ ಬಗೆಯನ್ನು ಓದುಗರ ಅವಗಾಹನೆಗೆ ತರುವುದು ಈ ಬರಹದ ಉದ್ದೇಶವಾಗಿರುತ್ತದೆ. ಇದು ಐವತ್ತರ ದಶಕದ ಕೊನೆಯ ಸಂಗತಿ. ಈವರೆಗೆ ನಾನು ಬರೆದದ್ದೆಲ್ಲ ಕಚೇರಿಯ ಪತ್ರಗಳೇ ಆದ್ದರಿಂದ ಕ್ರಮದಲ್ಲಿ ಲೋಪವಿದ್ದರೆ ಮನ್ನಿಸಬೇಕೆಂದು ಮೊದಲಲ್ಲಿಯೇ ವಿನಂತಿಸಿಕೊಳ್ಳುತ್ತೇನೆ.

ಆ ವರ್ಷ ದೀಪಾವಳಿಗೆ ಹತ್ತು ಹನ್ನೆರಡು ದಿನ ಮುಂಚೆ ನನ್ನ ಹೆಂಡತಿ ತವರೂರಾದ ಶಿವಮೊಗ್ಗದಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತಳು. ಮಗು ತಿಂಗಳು ತುಂಬುವ ಮುನ್ನವೇ ಹುಟ್ಟಿತ್ತು. ನಾನು ಮೊದಲ ಬಾರಿ ನೋಡಿದಾಗ ಅದು ನನ್ನ ಮೊಣಕೈಯಿಂದ ಅಂಗೈಯವರೆಗಿನ ಉದ್ದಕ್ಕಿಂತ ಹೆಚ್ಚಿರಲಿಲ್ಲ. ಹತ್ತಿಯಲ್ಲಿ ಸುತ್ತಿ, ಉಣ್ಣೆಯ ಟೋಪಿ ಹಾಕಿ ಮಲಗಿಸಿದ್ದರು. ಮುಖ ಮಾತ್ರ ಕಾಣುತ್ತಿತ್ತು. ಮೂರು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳುಹಿಸುವಾಗ ಅಲ್ಲಿಯ ಲೇಡಿ ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಮಾತನಾಡಿದರು.

“ನೋಡಿ, ದೊಡ್ಡವರ ಮೈಯಲ್ಲಿ ರೋಗ ತಡೆಯೋ ಶಕ್ತಿ ಅಂತ ಒಂದಿರುತ್ತೆ. ಈ ಮಗೂಗೆ ಅದು ಇನ್ನೂ ಬಂದಿಲ್ಲ. ಶಿವರಾತ್ರಿ ಕಳೆಯೋ ತನಕ ನೆಗಡಿ ಇರೋರು ಯಾರೂ ಹತ್ತಿರ ಹೋಗಬೇಡಿ. ನಿಮಗೆ ಅದು ಬರೀ ನೆಗಡಿ. ಇವಳಿಗೆ ಅದು ಉಸಿರಿನ ಪ್ರಶ್ನೆ.”

ಆ ಮಾತು ಮುಗಿಯುವಷ್ಟರಲ್ಲಿ ನನ್ನ ಹೆಂಡತಿ ನನ್ನ ಕಡೆ ತಿರುಗಿ ನೋಡಿದ್ದನ್ನು ಇಲ್ಲಿ ದಾಖಲಿಸಬೇಕಾಗಿದೆ. ಕಾರಣವೇನೆಂದರೆ, ನಮ್ಮ ಕುಟುಂಬದಲ್ಲಿ ನೆಗಡಿಗೆ ನಾನೇ ಹೆಸರಾದವನು. ನೌಕರಿಗೆ ಸೇರಿದ ಮೇಲಿನ ಪ್ರತಿ ಚಳಿಗಾಲದಲ್ಲೂ ಕಾರ್ತಿಕದಲ್ಲಿ ಹಿಡಿದ ನೆಗಡಿ ಮಾಘದವರೆಗೂ ಬಿಟ್ಟು ಬಿಟ್ಟು ಬರುತ್ತಿತ್ತು. ಅದಕ್ಕೆ ಮುಂಚೆ, ಹಳ್ಳಿಯಲ್ಲಿ ಗದ್ದೆಯ ಕೆಲಸ ನೋಡಿಕೊಂಡಿದ್ದಾಗ, ಇಬ್ಬನಿಯಲ್ಲಿ ಬರಿಗಾಲಲ್ಲಿ ಓಡಾಡಿದರೂ ವರ್ಷಕ್ಕೊಮ್ಮೆ ಸೀನಿದವನಲ್ಲ. ಈ ವ್ಯತ್ಯಾಸ ನನಗೆ ಅದುವರೆಗೆ ವಿಚಿತ್ರವೆನಿಸಿರಲಿಲ್ಲ. ಪಟ್ಟಣದ ನೀರು ಒಗ್ಗುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಬಾಣಂತನಕ್ಕಾಗಿ ತಾಯಿ ಮಗು ಇಬ್ಬರೂ ಸವಳಂಗ ರಸ್ತೆಯಲ್ಲಿದ್ದ ನಮ್ಮ ಅತ್ತೆಯವರ ಮನೆಯಲ್ಲಿ ಉಳಿದರು. ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಪ್ರತಿ ಭಾನುವಾರ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೋಗಿ ಸಂಜೆಯ ರೈಲಿಗೆ ಮರಳುವುದು ನನ್ನ ಪರಿಪಾಠವಾಯಿತು.

ಅತ್ತೆಯವರ ವಿಷಯದಲ್ಲಿ ಒಂದು ಮಾತು ವಿವರಿಸುವುದು ಅಗತ್ಯ. ಅಳಿಯನೊಡನೆ ನೇರವಾಗಿ ಮಾತನಾಡುವ ರೂಢಿ ಅವರಿಗಿರಲಿಲ್ಲ. ಮಾವನವರು ಇದ್ದಷ್ಟು ದಿನ ಅವರ ಮೂಲಕ ಮಾತು ಬರುತ್ತಿತ್ತು. ಅವರು ತೀರಿಕೊಂಡ ಮೇಲೆ ನನ್ನ ಹೆಂಡತಿಯ ಮೂಲಕ. ಈಗ ಮಗು ಹುಟ್ಟಿದ ಮೇಲೆ ಮಗುವಿಗೇ ಹೇಳಲು ಪ್ರಾರಂಭಿಸಿದರು. ಡಾಕ್ಟರ ಮಾತನ್ನು ಅವರು ಯಾವ ಸರ್ಕಾರಿ ಆದೇಶಕ್ಕೂ ಕಡಿಮೆಯಿಲ್ಲದಂತೆ ಜಾರಿಗೆ ತಂದರು. ನಾನು ಮೊದಲು ಜಗಲಿಯ ಮೇಲೆ ಕುಳಿತಿರಬೇಕು. ಅವರು ಒಳಗೆ ಕಾಫಿಗೆ ನೀರಿಟ್ಟು, ಅದು ಕುದಿಯುವಷ್ಟು ಹೊತ್ತು ಕಿಟಕಿಯ ಸರಳುಗಳ ಸಂದಿಯಿಂದ ನನ್ನ ಮೂಗನ್ನು ಗಮನಿಸುತ್ತಿದ್ದರು. ಸೀನಿದರೆ, ಮೂಗೆಳೆದರೆ, ಕರ್ಚೀಫು ತೆಗೆದರೆ ಅಂದಿನ ಭೇಟಿ ಜಗಲಿಗೇ ಮುಕ್ತಾಯ.

ಮೊದಲ ಭಾನುವಾರವೇ ತೀರ್ಪು ಹೊರಬಿತ್ತು. “ಮಗಾ, ನಿಮ್ಮಪ್ಪಂಗೆ ಹೇಳು, ಮೂಗು ಕೆಂಪಗಾಗಿದೆ, ಅಲ್ಲೇ ಕೂತು ಕಾಫಿ ಕುಡೀಲಿ ಅಂತ.”

ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ನಾನು ಸರಳು ಹಿಡಿದು ನೋಡುತ್ತಿದ್ದೆ. “ನೋಡೇ ಮಾರಾಯ್ತಿ,” ಎಂದು ಅವಳು ಮಗುವಿಗೆ ಹೇಳಿದಳು, “ನಿಮ್ಮಪ್ಪ ಟಿಕೆಟ್ ಸಿಗದೆ ಟಾಕೀಸಿನ ಬಾಗಿಲಲ್ಲಿ ನಿಂತೋರ ಥರ ನಿಂತಿದಾರೆ.”

ಎರಡನೆಯ ಭಾನುವಾರ, ಮೂರನೆಯ ಭಾನುವಾರ, ಅದೇ ಆಯಿತು. ಮಗುವಿನ ಮುಖ ನನಗೆ ಯಾವಾಗಲೂ ಸರಳುಗಳಿಂದ ಭಾಗವಾಗಿಯೇ ಕಾಣುತ್ತಿತ್ತು.

ಈ ಸಂದರ್ಭದಲ್ಲಿ ನಾನು ರೋಗ ತಡೆಯುವ ಶಕ್ತಿಯನ್ನು ಸಂಪಾದಿಸಲು ಕೈಗೊಂಡ ಕ್ರಮಗಳನ್ನು ಹೇಳಬೇಕು. ಸದರಿ ಶಕ್ತಿ ಶರೀರದ ಯಾವ ಭಾಗದಲ್ಲಿ ಇರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಮೂಗಿನಲ್ಲಿಯೋ, ಹೊಟ್ಟೆಯಲ್ಲಿಯೋ, ರಕ್ತದಲ್ಲಿಯೋ? ಸಿಕ್ಕಿದವರನ್ನೆಲ್ಲ ಕೇಳತೊಡಗಿದೆ. ನನ್ನ ಕೋಣೆಯ ಒಡತಿ ಅದು ಗಂಟಲಿನಲ್ಲಿರುತ್ತದೆಂದು ಹೇಳಿ ಕಾಳುಮೆಣಸಿನ ಕಷಾಯ ಕೊಟ್ಟರು. ಕಚೇರಿಯ ಹಿರಿಯ ಗುಮಾಸ್ತರು ಕಿವಿಯಲ್ಲಿರುತ್ತದೆಂದು ಹೇಳಿ ಮಫ್ಲರನ್ನು ಸೂಚಿಸಿದರು. ಕಾರ್ಖಾನೆಯ ದವಾಖಾನೆಯ ಕಾಂಪೌಂಡರರು ಒಂದು ಸೀಸೆ ಮೀನೆಣ್ಣೆ ಕೊಡಲು ಬಂದರು. ಕೊರಳಲ್ಲಿ ಲಿಂಗವಿರುವವನು ಅದನ್ನು ಕುಡಿಯುವುದು ಹೇಗೆಂದು ನಾನು ಕೇಳಿದಾಗ, ನಕ್ಕು, ಹಳದಿ ಮಾತ್ರೆಗಳ ಪೊಟ್ಟಣ ಕೊಟ್ಟರು. ರಾತ್ರಿ ಊಟ ಬಿಟ್ಟರೆ ಕಫ ಕಟ್ಟುವುದಿಲ್ಲವೆಂದು ಮತ್ತೊಬ್ಬರು ಹೇಳಿದ್ದರಿಂದ ಊಟ ಬಿಟ್ಟೆ. ಹಂಡೆಯ ಬಿಸಿನೀರು ಮೈಯನ್ನು ಮೃದುಮಾಡುತ್ತದೆಂದು ಇನ್ನೊಬ್ಬರು ಹೇಳಿದ್ದರಿಂದ ಮುಂಜಾನೆ ಭದ್ರಾ ನದಿಯ ತಣ್ಣೀರಿನಲ್ಲಿ ಮುಳುಗೆದ್ದೆ. ಎಲ್ಲವನ್ನೂ ಒಟ್ಟಿಗೆ ಪಾಲಿಸಿದ ಫಲವಾಗಿ ಬಾಯಿಯ ತುಂಬ ಮೆಣಸಿನ ಹುಣ್ಣಾಯಿತು, ಹಗಲಿನ ಊಟವೂ ಅರ್ಧವಾಯಿತು, ಚಿಂತೆಯಿಂದ ನಿದ್ರೆ ಕೆಟ್ಟಿತು. ನೆಗಡಿ ಮಾತ್ರ ತನ್ನ ಕಾಲಕ್ಕೆ ತಪ್ಪದೆ ಹಾಜರಾಗುತ್ತಿತ್ತು.

ಇನ್ನು ಮುಂದಿನ ಸಂಗತಿ ಬರೆಯಲು ನನಗೆ ಸಂಕೋಚವಾಗುತ್ತದೆ. ಆದರೂ ಅದನ್ನು ಬಿಟ್ಟರೆ ಉಳಿದದ್ದಕ್ಕೆ ಆಧಾರವಿರುವುದಿಲ್ಲ.

ಐದನೆಯ ಭಾನುವಾರ ನಾನು ನೆಗಡಿಯನ್ನು ಮರೆಮಾಚಿದೆ. ಶನಿವಾರ ಸಂಜೆಯಿಂದಲೇ ಮೂಗು ಸುರಿಯುತ್ತಿತ್ತು. ರೈಲಿನಲ್ಲಿ ಮೂಗಿನ ಹೊಳ್ಳೆಗಳಿಗೆ ನೋವಿನ ಮುಲಾಮು ಸವರಿಕೊಂಡೆ. ಲವಂಗವಿಟ್ಟ ವೀಳ್ಯದೆಲೆಯನ್ನು ದವಡೆಯಲ್ಲಿ ಒತ್ತಿಹಿಡಿದೆ. ಜಗಲಿಯ ಮೇಲೆ ಕುಳಿತಿದ್ದಷ್ಟು ಹೊತ್ತು ಉಸಿರನ್ನು ಸಣ್ಣದಾಗಿ ಬಿಟ್ಟೆ. ನೀರು ಕುದಿಯಿತು. ಒಳಗಿನಿಂದ, “ಮಗಾ, ನಿಮ್ಮಪ್ಪಂಗೆ ಒಳಗೆ ಬರೋಕೆ ಹೇಳು,” ಎಂಬ ಮಾತು ಕೇಳಿಬಂತು. ನಾನು ಕೈಕಾಲು ತೊಳೆದು ತೊಟ್ಟಿಲಿನ ಬಳಿ ಹೋದೆ. ಸರಳಿಲ್ಲದೆ ಮಗುವಿನ ಮುಖ ನೋಡಿದ್ದು ಮನೆಗೆ ಬಂದ ಮೇಲೆ ಅದೇ ಮೊದಲು. ಬಗ್ಗಿದೆ. ಬಗ್ಗಿದ ಕೂಡಲೇ ತಡೆಹಿಡಿದಿದ್ದ ಸೀನು ಬಂದುಬಿಟ್ಟಿತು. ಮುಖವನ್ನು ಪಕ್ಕಕ್ಕೆ ತಿರುಗಿಸಿದೆನೆಂಬುದು ನಿಜ. ಪೂರ್ತಿ ತಿರುಗಿಸಿದೆನೇ ಎಂಬುದನ್ನು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು.

ಗುರುವಾರ ಅವಳ ಕಾರ್ಡು ಬಂತು. ಮಗುವಿಗೆ ಮೂಗು ಕಟ್ಟಿದೆ, ಹಾಲು ಎಳೆದುಕೊಳ್ಳಲು ಆಗುತ್ತಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದಿತ್ತು. ಇತರರ ರಜೆ ಅರ್ಜಿಗಳನ್ನು ಪರಿಶೀಲಿಸುವ ನಾನು ಅಂದು ನನ್ನದೇ ಅರ್ಜಿಯನ್ನು ಬರೆದೆ. ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ.

ಮೂರು ದಿನ ಮಗು ಆಸ್ಪತ್ರೆಯಲ್ಲಿತ್ತು. ಮೂಗು ಕಟ್ಟಿದ ಮಗು ಏಕಕಾಲಕ್ಕೆ ಉಸಿರಾಡಿ ಹಾಲು ಕುಡಿಯಲಾರದೆಂಬುದು ನನಗೆ ಆಗ ತಿಳಿಯಿತು. ಹಾಲನ್ನು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದರು. ನಾನು ವರಾಂಡದಲ್ಲಿ ನಿಂತಿದ್ದೆ. ಮುಲಾಮಿನ ವಿಚಾರವನ್ನೆಲ್ಲ ಅತ್ತೆಯವರ ಮುಂದೆ ಒಪ್ಪಿಕೊಂಡೆ. ಅವರು ನನಗೂ ಏನೂ ಹೇಳಲಿಲ್ಲ, ಮಗುವಿಗೂ ಏನೂ ಹೇಳಲಿಲ್ಲ.

ನಾಲ್ಕನೆಯ ದಿನ ಮಗು ತಾನಾಗಿ ಹಾಲು ಕುಡಿಯಿತು. ಲೇಡಿ ಡಾಕ್ಟರು ಹೊರಗೆ ಬಂದು, ಈ ಸಲ ದಾಟಿತು, ಇನ್ನೊಂದು ಸಲ ಆದರೆ ತಾವು ಯಾವ ಭರವಸೆಯನ್ನೂ ಕೊಡಲಾರೆವೆಂದು ಸ್ಪಷ್ಟವಾಗಿ ತಿಳಿಸಿದರು. ನಾನು ಧೈರ್ಯ ಮಾಡಿ ನನ್ನ ಪ್ರಶ್ನೆಗಳನ್ನು ಸಲ್ಲಿಸಿದೆ: ತಡೆಯುವ ಶಕ್ತಿ ದೇಹದಲ್ಲಿ ಎಲ್ಲಿರುತ್ತದೆ, ಇಷ್ಟೆಲ್ಲ ಪಥ್ಯ ಮಾಡಿದರೂ ನನಗೇ ಏಕೆ ಮತ್ತೆ ಮತ್ತೆ ಬರುತ್ತದೆ?

ಅವರಿಗೆ ನಗು ಬಂದಿರಬೇಕು, ತೋರಗೊಡಲಿಲ್ಲ. “ಅದೇನು ಒಂದು ಡಬ್ಬೀಲಿ ಇಟ್ಟಿರೋದಲ್ಲ. ಹೊಟ್ಟೆ ತುಂಬ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಬಿಸಿಲಲ್ಲಿ ಓಡಾಡಿ. ನೀವು ಮೂರನ್ನೂ ಬಿಟ್ಟಿದೀರಿ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ಆಮೇಲೆ ಇನ್ನೊಂದು. ಪದೇ ಪದೇ ಬರುತ್ತೆ ಅಂದ್ರೆ ಪದೇ ಪದೇ ಎಲ್ಲಿಂದಲೋ ತಗೊಳ್ತಿದೀರಿ. ಎಲ್ಲಿಂದ ಅಂತ ನೀವೇ ಹುಡುಕ್ಕೋಬೇಕು.”

ಎಲ್ಲಿಂದ ಎಂಬ ಪ್ರಶ್ನೆ ಅದುವರೆಗೆ ನನಗೆ ಹೊಳೆದಿರಲಿಲ್ಲ. ನೆಗಡಿ ಚಳಿಯಿಂದ ಬರುತ್ತದೆ, ಒಳಗಿನಿಂದ ಏಳುತ್ತದೆ ಎಂದು ತಿಳಿದಿದ್ದವನಿಗೆ ಅದು ಟಪಾಲಿನಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ರವಾನೆಯಾಗುವ ವಸ್ತುವೆಂದು ಕೇಳಿ ಕುತೂಹಲ ಹುಟ್ಟಿತು. ಭದ್ರಾವತಿಗೆ ಮರಳಿದ ಮೇಲೆ ಮೆಣಸಿನ ಕಷಾಯವನ್ನು ನಿಲ್ಲಿಸಿ, ರಾತ್ರಿಯ ಊಟವನ್ನು ಪುನಃ ಪ್ರಾರಂಭಿಸಿ, ವಿಚಾರಣೆಗೆ ತೊಡಗಿದೆ.

ಮೊದಲ ಸಂಶಯ ನಮ್ಮ ಕಚೇರಿಯ ಕಿಟಕಿಗಳ ಮೇಲೆ. ನದಿಯ ಮಂಜು ಒಳಗೆ ಬರುತ್ತದೆಂದು ಚಳಿಗಾಲದಲ್ಲಿ ಅವುಗಳನ್ನು ಭದ್ರವಾಗಿ ಮುಚ್ಚುತ್ತಿದ್ದೆವು. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳಬೇಕಾಗಿತ್ತು. ಆದರೆ ಅದೇ ಕೋಣೆಯಲ್ಲಿ ನನ್ನ ಜೊತೆ ಇನ್ನೂ ಐವರಿದ್ದರು. ಅವರಿಗೂ ನೆಗಡಿ ಬರುತ್ತಿತ್ತು. ಆದರೆ ಒಮ್ಮೆ ಬಂದು ಹೋಗುತ್ತಿತ್ತು. ನನ್ನ ಹಾಗೆ ಒಂದರ ಹಿಂದೆ ಒಂದು ಬರುತ್ತಿರಲಿಲ್ಲ. ಅವರು ಕುಡಿಯುವ ಹೂಜಿಯ ನೀರನ್ನೇ ನಾನೂ ಕುಡಿಯುತ್ತಿದ್ದೆ. ಅವರಿಗಿಲ್ಲದ ಯಾವುದೋ ಒಂದು ನನಗಿರಬೇಕು. ಅದೇನೆಂದು ಎಷ್ಟು ಯೋಚಿಸಿದರೂ ತಿಳಿಯದೆ ಹೋಯಿತು.

ಮುಂದಿನ ಭಾನುವಾರ ಶಿವಮೊಗ್ಗಕ್ಕೆ ಹೋದಾಗ ನಾನಾಗಿಯೇ ಜಗಲಿ ಹತ್ತದೆ ಬೀದಿಯಲ್ಲಿ ನಿಂತು ಮಗುವನ್ನು ನೋಡಿದೆ. ಸಂಜೆಯ ರೈಲಿಗೆ ಇಡೀ ಹಗಲು ಬಾಕಿಯಿತ್ತು. ಮನಸ್ಸಿಗೆ ನೆಲೆಯಿರಲಿಲ್ಲ. ಬಸ್ಸು ಹತ್ತಿ ಆನೆ ಬಿಡಾರವಿರುವ ಸಕ್ರೆಬೈಲಿಗೆ ಹೋದೆ. ತುಂಗೆಯಲ್ಲಿ ಆನೆಗಳನ್ನು ಮಲಗಿಸಿ ಮೈ ಉಜ್ಜುತ್ತಿದ್ದರು. ಪುಷ್ಯಮಾಸದ ಆ ನೀರಿನಲ್ಲಿ ಅಷ್ಟು ಹೊತ್ತು ಮಲಗಿದ್ದರೂ ಅವು ಸೀನುವುದನ್ನು ಕಾಣಲಿಲ್ಲ. ದಡದಲ್ಲಿ ಕುಳಿತಿದ್ದ ಒಬ್ಬ ವಯಸ್ಸಾದ ಮಾವುತನನ್ನು, ಆನೆಗೆ ನೆಗಡಿ ಆಗುವುದುಂಟೇ ಎಂದು ವಿಚಾರಿಸಿದೆ.

“ಆಗದೇ ಏನು ಸ್ವಾಮಿ,” ಎಂದ. “ಇಷ್ಟುದ್ದ ಮೂಗಿದೆ.”

ಆಗ ಏನು ಮಾಡುತ್ತೀರೆಂದು ಕೇಳಿದೆ. ಬೆಲ್ಲ, ಶುಂಠಿ ಸೇರಿಸಿ ರಾಗಿಮುದ್ದೆ ಕೊಡುವುದಾಗಿಯೂ, ಅದಕ್ಕಿಂತ ಮುಖ್ಯವಾಗಿ ಆ ಆನೆಯನ್ನು ಬೇರೆಯವುಗಳಿಂದ ದೂರ ಕಟ್ಟುವುದಾಗಿಯೂ, ಒಂದೇ ಬಾನಿಯಲ್ಲಿ ನೀರು ಕೊಡದಿರುವುದಾಗಿಯೂ ತಿಳಿಸಿದ. ಏಕೆಂದು ಕೇಳಿದ್ದಕ್ಕೆ, ಆನೆಗೆ ಸುಮ್ಮನಿರಲು ಬಾರದು, ಸೊಂಡಿಲಿನಿಂದ ಪಕ್ಕದವನ ಬಾಯಿ ಮುಟ್ಟಿ ಅದನ್ನು ತನ್ನ ಬಾಯಿಗೆ ಇಟ್ಟುಕೊಳ್ಳುತ್ತದೆ, ಮಾತಾಡಿಸುವ ರೀತಿಯೇ ಅದು ಎಂದ. ನಾನು ನಕ್ಕೆ. ಶುಂಠಿ ಎಷ್ಟು, ಬೆಲ್ಲ ಎಷ್ಟು ಎಂಬುದನ್ನು ಮಾತ್ರ ಚೀಟಿಯಲ್ಲಿ ಬರೆದುಕೊಂಡು ಬಸ್ಸಿಗೆ ಬಂದೆ. ಅವನು ಕೊಟ್ಟ ಮಾಹಿತಿಯಲ್ಲಿ ಬೇಕಾದ್ದನ್ನು ಬಿಟ್ಟು ಬೇಡದ್ದನ್ನು ಬರೆದುಕೊಂಡಿದ್ದೆನೆಂದು ತಿಳಿಯಲು ಇನ್ನೂ ಎರಡು ದಿನ ಬೇಕಾಯಿತು.

ಮಂಗಳವಾರ ಕುಲುಮೆ ವಿಭಾಗದ ಒಬ್ಬ ಕೆಲಸಗಾರ ನನ್ನ ಮೇಜಿನ ಬಳಿಗೆ ಬಂದ. ಮನೆಮಾತು ತಮಿಳು; ಭದ್ರಾವತಿಯಲ್ಲಿಯೇ ಬೆಳೆದದ್ದರಿಂದ ಕನ್ನಡವನ್ನು ಸಲೀಸಾಗಿ ಆಡುತ್ತಿದ್ದ. ಜ್ವರದಲ್ಲಿ ನಾಲ್ಕು ದಿನ ಮಲಗಿದ್ದು ಕೆಲಸಕ್ಕೆ ಮರಳಿದ್ದ. ಅದರ ಅರ್ಜಿಯನ್ನು ತಂದಿದ್ದ. ಆ ದಿನಗಳಲ್ಲಿ ಅಂಥ ಅರ್ಜಿಗಳು ರಾಶಿ ರಾಶಿಯಾಗಿ ಬರುತ್ತಿದ್ದವು. ನನ್ನ ಕೆಲಸದ ಕ್ರಮ ಹೀಗಿತ್ತು: ಬಂದ ಅರ್ಜಿಯನ್ನು ರಾಶಿಯ ಮೇಲಿಟ್ಟು, ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಹಿಂದಿನ ಅರ್ಜಿಗಳನ್ನು ಒಂದೊಂದಾಗಿ ಮಗುಚಿ, ಅವನ ಹಳೆಯ ರಜೆ ಎಷ್ಟಿದೆ ಎಂದು ನೋಡುವುದು. ಕಾಗದ ತೆಳ್ಳಗಿದ್ದರೆ ಮತ್ತೊಮ್ಮೆ ನಾಲಿಗೆಗೆ. ನಮ್ಮ ಹಿರಿಯರೆಲ್ಲ ಹಾಗೆಯೇ ಮಾಡುತ್ತಿದ್ದರು; ಹಾಗೆ ಸರಸರನೆ ಹಾಳೆ ಮಗುಚುವವನೇ ನುರಿತ ಗುಮಾಸ್ತನೆಂಬ ಭಾವನೆಯಿತ್ತು.

ಆತ ನಿಂತು ನೋಡುತ್ತಲೇ ಇದ್ದ. ಕೊನೆಗೆ, “ಸಾರ್, ತಪ್ಪು ತಿಳ್ಕೋಬೇಡಿ, ಒಂದು ಕೇಳ್ಲಾ?” ಎಂದ.

ಕೇಳು ಎಂದೆ.

“ಆ ಕಾಗದ ಮೂರು ದಿನ ನನ್ ತಲೆದಿಂಬಿನ ಕೆಳಗಿತ್ತು ಸಾರ್. ಅದರ ಮೇಲೇ ಕೆಮ್ಮಿದೀನಿ, ಅದರ ಮೇಲೇ ಸೀನಿದೀನಿ. ನೀವು ಅದನ್ನ ಮುಟ್ಟಿ ಮುಟ್ಟಿ ಬೆರಳು ನೆಕ್ತಾ ಇದೀರಲ್ಲ.”

ನನ್ನ ಬೆರಳು ಆಗ ನಾಲಿಗೆಯ ಮೇಲೆಯೇ ಇತ್ತು. ಕೋಣೆಯಲ್ಲಿದ್ದವರು ನಗಲಾರಂಭಿಸಿದರು. ಹಿರಿಯ ಗುಮಾಸ್ತರು, “ಪರವಾಗಿಲ್ಲ ಬಿಡಪ್ಪ, ನಿನ್ನ ಜ್ವರಾನೂ ಸ್ಯಾಂಕ್ಷನ್ ಆಯ್ತು ಅಂದ್ಕೋ,” ಎಂದರು. ಆತನೂ ನಕ್ಕ. ಅವರ ವಿಭಾಗದಲ್ಲಿ ಮೈಯೆಲ್ಲ ಮಸಿಯಾಗುವುದರಿಂದ ಸೋಪು ಹಾಕಿ ಮೊಣಕೈವರೆಗೆ ತೊಳೆಯದೆ ಯಾರೂ ಊಟದ ಕ್ಯಾರಿಯರ್ ಮುಟ್ಟುವುದಿಲ್ಲವೆಂದೂ, ನಿಮ್ಮ ಕೈ ಬೆಳ್ಳಗಿರುವುದರಿಂದ ನಿಮಗೆ ಕೊಳೆ ಕಾಣುವುದಿಲ್ಲವೆಂದೂ ಹೇಳಿ ಹೊರಟುಹೋದ.

ಅವನು ಹೋದ ಮೇಲೆ ನಾನು ನನ್ನ ಬೆರಳನ್ನೇ ನೋಡುತ್ತ ಕುಳಿತೆ. ಕಾರ್ಖಾನೆಯ ಯಾವ ಮೂಲೆಯಲ್ಲಿ ಯಾರಿಗೆ ನೆಗಡಿ ಬಂದರೂ, ಜ್ವರ ಬಂದರೂ, ಅದರ ಲಿಖಿತ ವರದಿ ನನ್ನ ಮೇಜಿಗೆ ಬರುತ್ತಿತ್ತು. ಕಾಯಿಲೆ ಬಿದ್ದವನೇ ತನ್ನ ಕೈಯಾರೆ ಬರೆದು, ಲಕೋಟೆಯನ್ನು ತಾನೇ ನೆಕ್ಕಿ ಅಂಟಿಸಿ ಕಳುಹಿಸುತ್ತಿದ್ದ. ಉಳಿದ ಐವರು ಮುಟ್ಟುತ್ತಿದ್ದುದು ಕಬ್ಬಿಣದ ಲೆಕ್ಕ, ಕಲ್ಲಿದ್ದಲಿನ ಲೆಕ್ಕ. ಅವರಿಗಿಲ್ಲದ್ದು ನನಗೇನಿತ್ತೆಂದು ಹುಡುಕುತ್ತಿದ್ದೆನಲ್ಲ, ಅದು ನನ್ನ ಮುಂದೆಯೇ ಗುಡ್ಡೆಯಾಗಿ ಬಿದ್ದಿತ್ತು. ಸಕ್ರೆಬೈಲಿನ ಆನೆಗಾದರೂ ಪಕ್ಕದ ಆನೆಯ ಬಾಯಿ ಮುಟ್ಟಿದರೆ ಮಾತಾಡಿಸಿದ ಸಂತೋಷವಿತ್ತು.

ಆದರೂ ಒಬ್ಬನ ಮಾತಿನಿಂದ ನಿರ್ಣಯಕ್ಕೆ ಬರಬಾರದೆಂದು ಮಾರನೆಯ ದಿನ ಒಂದು ಪರೀಕ್ಷೆ ಮಾಡಿದೆ. ಖಾಲಿ ಹಾಳೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳು ನಾಲಿಗೆಗೆ ಹೋದಾಗಲೆಲ್ಲ ಪೆನ್ಸಿಲಿನಿಂದ ಒಂದು ಗೀಟು ಎಳೆಯತೊಡಗಿದೆ. ಮಧ್ಯಾಹ್ನದ ಸೈರನ್ ಆಗುವಷ್ಟರಲ್ಲಿ ಹಾಳೆಯ ಒಂದು ಮಗ್ಗುಲು ತುಂಬಿ, ನಾನು ಅದನ್ನು ಮಗುಚಲೆಂದು ಬೆರಳನ್ನು ನಾಲಿಗೆಗೆ ತಾಗಿಸಿದ್ದೆ.

ಅಭ್ಯಾಸವನ್ನು ಬಿಡುವುದು ತಿಳಿಯುವುದಕ್ಕಿಂತ ಕಷ್ಟವಾಯಿತು. ಅಂಚೆ ಕಚೇರಿಯಲ್ಲಿರುವಂಥ ಸ್ಪಂಜಿನ ಬಟ್ಟಲು ಒಂದನ್ನು ಮಂಜೂರು ಮಾಡಬೇಕೆಂದು ಉಗ್ರಾಣಕ್ಕೆ ಕೋರಿಕೆ ಬರೆದೆ. ಉದ್ದೇಶವೇನೆಂದು ವಿವರಣೆ ಕೇಳಿ ಅದು ವಾಪಸು ಬಂತು. ವಿವರಣೆ ಬರೆಯುತ್ತ ಕೂರುವಷ್ಟು ಸಮಯ ನನಗಿರಲಿಲ್ಲ. ಒಡತಿಯವರಿಂದ ಒಂದು ತೆಂಗಿನ ಕರಟ ಕೇಳಿ ತಂದು, ಅದರಲ್ಲಿ ಒದ್ದೆ ಬಟ್ಟೆಯನ್ನು ಮಡಿಸಿಟ್ಟು ಮೇಜಿನ ಬಲಗಡೆ ಸ್ಥಾಪಿಸಿದೆ. “ಏನ್ರೀ ಇದು, ಮೇಜಿನ ಮೇಲೇ ಪೂಜೆ ಶುರುವಾಯ್ತಾ?” ಎಂದು ಎಲ್ಲರೂ ಕೇಳಿದರು. ಬೆರಳು ಕರಟಕ್ಕೆ ಹೋಗದೆ ಬಾಯಿಗೇ ಹೋಗುತ್ತಿತ್ತು. ಕೊನೆಗೆ ಬೆರಳಿಗೆ ಹಾಗಲಕಾಯಿಯ ರಸ ಸವರಿಕೊಂಡೆ. ಕಹಿ ತಾಗಿದಾಗಲೆಲ್ಲ ಮುಖ ಕಿವುಚಿಕೊಳ್ಳುವುದನ್ನು ನೋಡಲು ಪಕ್ಕದ ವಿಭಾಗದವರೂ ಬರುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಬೆರಳಿಗೆ ಬುದ್ಧಿ ಬಂತು.

ಅದರ ಜೊತೆಗೆ ಇತರ ಬದಲಾವಣೆಗಳನ್ನೂ ಮಾಡಿಕೊಂಡಿದ್ದೆನೆಂಬುದನ್ನು ಮುಚ್ಚಿಡಬಾರದು. ನನ್ನ ಬೆನ್ನ ಹಿಂದಿನ ಕಿಟಕಿಯನ್ನು ಬಿಸಿಲು ಬಂದ ಮೇಲೆ ತೆರೆಯಲು ಹಿರಿಯರನ್ನು ಒಪ್ಪಿಸಿದೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯತೊಡಗಿದೆ. ರಾತ್ರಿ ಬಿಸಿ ಮುದ್ದೆ, ಸೊಪ್ಪಿನ ಸಾರು ಉಂಡು ಬೇಗ ಮಲಗುತ್ತಿದ್ದೆ. ಮಧ್ಯಾಹ್ನ ಕಾಲು ಗಂಟೆ ಬಿಸಿಲಿನಲ್ಲಿ ನಡೆಯುತ್ತಿದ್ದೆ; ಶಿವಮೊಗ್ಗದ ಸ್ಟೇಷನ್ನಿನಲ್ಲಿ ಕೊಂಡ ಬೆಟ್ಟದ ನೆಲ್ಲಿಕಾಯಿಯನ್ನು ಉಪ್ಪು ಹಚ್ಚಿ ತಿನ್ನುತ್ತಿದ್ದೆ. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಬೇರ್ಪಡಿಸಿ ಹೇಳುವ ಅಧಿಕಾರ ನನಗಿಲ್ಲ. ಇದ್ದ ನೆಗಡಿ ಸಂಕ್ರಾಂತಿಗೆ ಮುಂಚೆ ಹೋಯಿತು. ಹೊಸದು ಬರಲಿಲ್ಲ. ಒಂದು ಭಾನುವಾರ ಕಳೆಯಿತು, ಎರಡನೆಯದೂ ಕಳೆಯಿತು. ನಾನು ಬೀದಿಯಿಂದಲೇ ನೋಡಿ ಬರುತ್ತಿದ್ದೆ. ಒಳಗೆ ಬರಲು ಕರೆ ಬಂದಿರಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಮೂರನೆಯ ಭಾನುವಾರ ಹೋದಾಗ ಅತ್ತೆಯವರು ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಮೂಗು, ಕಣ್ಣು ಎರಡೂ ಕೆಂಪಾಗಿದ್ದವು. ಎರಡು ದಿನದಿಂದ ನೆಗಡಿಯೆಂದೂ, ಅಂದಿನಿಂದ ಅಮ್ಮ ಒಳಗೆ ಕಾಲಿಟ್ಟಿಲ್ಲವೆಂದೂ, ಊಟವನ್ನೂ ಅಲ್ಲಿಗೇ ತರಿಸಿಕೊಂಡು, ರಾತ್ರಿ ಪಕ್ಕದ ಮನೆಯಲ್ಲಿ ಮಲಗುತ್ತಿದ್ದಾರೆಂದೂ ನನ್ನ ಹೆಂಡತಿ ಒಳಗಿನಿಂದ ತಿಳಿಸಿದಳು. ಅವಳು ಮಗುವಿಗೆ ನೀರು ಕಾಯಿಸುವುದು, ಅಡಿಗೆ, ಬಟ್ಟೆ ಎಲ್ಲವನ್ನೂ ಒಬ್ಬಳೇ ಮಾಡಿ ಬಳಲಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ತೊಟ್ಟಿಲಿನಲ್ಲಿ ಮಗು ಅಳುತ್ತಿತ್ತು. ನಾನು ಹೊಸ್ತಿಲಿನ ಹೊರಗೆ ನಿಂತೇ ಇದ್ದೆ.

ಅತ್ತೆಯವರು ಒಮ್ಮೆ ನನ್ನ ಮೂಗನ್ನು ನೋಡಿದರು. ಆಮೇಲೆ ಮಗುವಿಗಾಗಲಿ ಮಗಳಿಗಾಗಲಿ ಹೇಳದೆ ನನಗೇ ಹೇಳಿದರು: “ನಿಂತ್ಕೊಂಡು ಏನು ನೋಡ್ತೀರಿ? ಕೈ ತೊಳ್ಕೊಂಡು ಎತ್ಕೊಳ್ಳಿ.”

ನಾನು ಎರಡು ಸಲ ತೊಳೆದೆ. ತೊಟ್ಟಿಲಿನಿಂದ ಎತ್ತುವುದು ಹೇಗೆಂದು ತಿಳಿಯದೆ ಎರಡೂ ಕೈಗಳನ್ನು ಫೈಲು ಹಿಡಿಯುವಂತೆ ಮುಂದೆ ಚಾಚಿದೆ. ಕಿಟಕಿಯ ಹೊರಗಿನಿಂದ ಧ್ವನಿ ಬಂತು. “ಕತ್ತು. ಕತ್ತಿನ ಕೆಳಗೆ ಕೈ ಕೊಡಿ. ಹಾಂ, ಹಾಗೆ. ಹೆದರ್ಕೋಬೇಡಿ, ಅದೇನು ಮುರಿಯಲ್ಲ.” ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಸರಳು ಹಿಡಿದು, ಅವರು ನನಗೆ ಒಂದೊಂದೇ ಸೂಚನೆ ಕೊಡುತ್ತಿದ್ದರು. ಮಗು ಮೊದಲಿಗಿಂತ ಭಾರವಾಗಿತ್ತೋ ಹಗುರವಾಗಿತ್ತೋ ನನಗೆ ಹೇಳಲು ಹಿಂದಿನ ತೂಕ ಗೊತ್ತಿರಲಿಲ್ಲ. ಬಿಸಿಯಾಗಿತ್ತು ಎಂಬುದು ಮಾತ್ರ ಗೊತ್ತಾಯಿತು. ಉಸಿರಾಡುವಾಗ ಅದರ ಬೆನ್ನು ನನ್ನ ಅಂಗೈಗೆ ತಾಗಿ ಹಿಂದೆ ಸರಿಯುತ್ತಿತ್ತು. ಹಾಲು ಇಳಿಸಿ ಬಂದ ನನ್ನ ಹೆಂಡತಿ, ಇನ್ನು ಕೊಡಿ ಎಂದಳು. ನಾನು ಸ್ವಲ್ಪ ತಡಮಾಡಿಯೇ ಕೊಟ್ಟೆ.

ಅತ್ತೆಯವರ ನೆಗಡಿ ಮಗುವಿಗೆ ತಗಲಲಿಲ್ಲ. ಶಿವರಾತ್ರಿಯ ಮರುವಾರ ನಾವು ಮೂವರೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಲೇಡಿ ಡಾಕ್ಟರು ತಕ್ಕಡಿಯಲ್ಲಿ ಮಲಗಿಸಿ ನೋಡಿದರು, ಎದೆಗೆ ಯಂತ್ರವಿಟ್ಟು ಕೇಳಿದರು, ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆದು ಅಳಿಸಿದರು. ನಾನು ಮುಂದಿನ ಆದೇಶಕ್ಕಾಗಿ ಕಾದು ನಿಂತಿದ್ದೆ. ಇನ್ನು ಯಾವ ಯಾವ ಎಚ್ಚರಿಕೆ ವಹಿಸಬೇಕು, ಎಷ್ಟು ತಿಂಗಳು, ಬರೆದುಕೊಳ್ಳಲೇ ಎಂದು ಕೇಳಿದೆ.

“ಏನೂ ಬರ್ಕೋಬೇಡಿ,” ಎಂದರು. “ಎಲ್ಲಾ ಮಕ್ಕಳ ಹಾಗೆ ನೋಡ್ಕೊಳ್ಳಿ. ಇನ್ಮೇಲೆ ನೆಗಡಿ ಬಂದ್ರೂ ತಡ್ಕೋತಾಳೆ. ಬರಲೂಬೇಕು, ಹಾಗೇ ಗಟ್ಟಿಯಾಗೋದು. ಮೊದಲು ಆ ಟೋಪಿ ತೆಗೀರಿ, ಬಿಸಿಲು ಎಷ್ಟಿದೆ ನೋಡಿ.”

ನೆಗಡಿ ಬಂದರೆ ಮೈ ಗಟ್ಟಿಯಾಗುವುದೆಂಬುದು ನನಗೆ ಹೊಸ ಸಂಗತಿಯಾಗಿತ್ತು. ಅದು ಹೇಗೆಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಮುಂದಿನ ಮಗುವಿನ ಕಡೆ ತಿರುಗಿದ್ದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಿಂತೆವು. ನನ್ನ ಹೆಂಡತಿ ಗದ್ದದ ಕೆಳಗಿನ ದಾರ ಬಿಚ್ಚಿ ಟೋಪಿಯನ್ನು ತೆಗೆದಳು. ಹುಟ್ಟಿದಂದಿನಿಂದ ಆ ತಲೆಯನ್ನು ನಾನು ಬರಿದಾಗಿ ನೋಡಿರಲಿಲ್ಲ. ಕೂದಲು ನಾನು ಊಹಿಸಿದ್ದಕ್ಕಿಂತ ಹೆಚ್ಚಿತ್ತು. ನಡುನೆತ್ತಿಯ ಹಿಂದೆ ಅದು ಎರಡು ಕಡೆ ಸುತ್ತಿಕೊಂಡಿತ್ತು.

“ಇವಳಿಗೆ ಎರಡು ಸುಳಿ ಇದೆ,” ಎಂದೆ.

“ಹುಟ್ಟಿದಾಗಿಂದ ಇದೆ,” ಎಂದಳು ನನ್ನ ಹೆಂಡತಿ. “ನೀವು ಈಗ ನೋಡ್ತಿದೀರಿ ಅಷ್ಟೇ.”

ನಾನು ಇನ್ನೂ ಹತ್ತಿರ ಬಗ್ಗಿ ನೋಡಿದೆ. ಒಂದು ಸುಳಿ ಎಡಕ್ಕೂ ಇನ್ನೊಂದು ಬಲಕ್ಕೂ ತಿರುಗಿತ್ತು. ಯಾರೂ ನನ್ನನ್ನು ಹಿಂದೆ ಸರಿಯಲು ಹೇಳಲಿಲ್ಲ.